ತಿಂಗಳ ಚಂದಾ, ಪಾಸು, ಸ್ಕಿನ್ನು: ಗೇಮ್‌ಗೆ ಕೊಟ್ಟ ದುಡ್ಡು ವಸೂಲಾಗುತ್ತಾ?

ಲೆಕ್ಕದ ಪುಸ್ತಕ (ಧಾರವಾಡ)

ಎಲ್ಲರಿಗೂ ನಮಸ್ಕಾರ. ತೆರಿಗೆ ಕಾಗದಕ್ಕೆ ಅಂತ ಮೊನ್ನೆ ಭಾನುವಾರ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಕೂತಿದ್ದೆ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಗೇಮ್‌ಗೆ ಹೋದ ದುಡ್ಡಿನ ಸಾಲುಗಳಿಗೆ ಹಳದಿ ಬಣ್ಣ ಹಚ್ಚುತ್ತಾ ಹೋದೆ. ಕೆಲವು ಪುಟ ಪೂರ್ತಿ ಅರಿಶಿನ ಬಳಿದಂತೆ ಆಯಿತು. ಕೂಡಿಸಿದರೆ 14,870 ರೂ.

ನಾನೇನು ದೊಡ್ಡ ಗೇಮರ್ ಅಲ್ಲ. ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ಕೆಲಸ. ರಾತ್ರಿ ಊಟ ಆದ ಮೇಲೆ ಒಂದೂವರೆ ಗಂಟೆ ಆಡುತ್ತೇನೆ, ಅಷ್ಟೇ. ಲೆಕ್ಕ ಹೀಗಿದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ನೂರಾರು ಗೇಮ್ ಸಿಗುವ ಲೈಬ್ರರಿ ಥರದ ಚಂದಾ, ಅದು 5,988. ಗೇಮ್ ಒಳಗೆ ಹೆಚ್ಚಿನ ಬಹುಮಾನ ಸಿಗಲಿ ಅಂತ ಕೊಳ್ಳುವ ಪಾಸು, ತಿಂಗಳ ಕಾರ್ಡು, ಸೀಸನ್ ಅದು ಇದು ಅಂತ 4,240. ಉಳಿದ 4,642 ಚಿಲ್ಲರೆ. 29, 89, 159, ಮತ್ತೆ 89. ಈ ಚಿಲ್ಲರೆಯಲ್ಲಿ ಅರ್ಧದಷ್ಟು ಯಾವುದಕ್ಕೆ ಕೊಟ್ಟೆ ಅಂತ ನೆನಪೇ ಇಲ್ಲ.

ನಮ್ಮ ಮನೆಯವರು ಹಿಂದಿನಿಂದ ಬಂದು ನೋಡಿದರು. "ಅರ್ಧ ವಾಷಿಂಗ್ ಮಷೀನ್ ಬರ್ತಿತ್ತಲ್ರೀ ಇದರಾಗ" ಅಂದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಬೈಯಲಿಲ್ಲ, ಅದೇ ಕಷ್ಟ.

ನನ್ನ ಪ್ರಶ್ನೆ ಸರಳ. ಈ ದುಡ್ಡಿಗೆ ತಕ್ಕ ಮಾಲು ನನಗೆ ಸಿಕ್ಕಿತಾ? ಬಿಡಬೇಕು ಅಂದರೆ ಯಾವುದನ್ನು ಬಿಡಲಿ?

ಮಂಡ್ಯದ ಹೈದ

ಗುರುಗಳೇ, ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ದಿನಕ್ಕೆ ಒಂದೂವರೆ ಗಂಟೆ ಅಂದರೆ ವರ್ಷಕ್ಕೆ ಹೆಚ್ಚುಕಮ್ಮಿ 550 ಗಂಟೆ. ಭಾಗಾಕಾರ ಮಾಡಿ, ಗಂಟೆಗೆ 27 ರೂ. ಬಿತ್ತು. ಮಾಲ್‌ನಲ್ಲಿ ಒಂದು ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದರೆ ಎಷ್ಟಾಗುತ್ತೆ? ಎರಡೂವರೆ ಗಂಟೆಗೆ 600 ಹೋಗುತ್ತೆ. ಇದಕ್ಕಿಂತ ಅಗ್ಗದ ಮನರಂಜನೆ ಇದ್ದರೆ ತೋರಿಸಿ. ನೀವು ದುಡಿದ ದುಡ್ಡು, ನೀವು ಆಡ್ತೀರಾ. ಮುಗೀತು.

ಹಳೇ ಪಾರ್ಲರ್ (ದಾವಣಗೆರೆ)

ಗಂಟೆ ಲೆಕ್ಕ ಬಂತಲ್ಲ, ಅದು ನನ್ನ ಏರಿಯಾ. ಹತ್ತು ವರ್ಷ ವಿಡಿಯೋ ಗೇಮ್ ಪಾರ್ಲರ್ ನಡೆಸಿದವನು ನಾನು. ಎಂಟು ಕಂಪ್ಯೂಟರ್, ಎರಡು ಪ್ಲೇಸ್ಟೇಷನ್. ಶುರುವಿನಲ್ಲಿ ಗಂಟೆಗೆ 15 ರೂ., ಆಮೇಲೆ 20. ಆ 20 ರೂಪಾಯಿಯಲ್ಲಿ ಮಷೀನ್ ನಂದು, ಕರೆಂಟ್ ನಂದು, ಕಟ್ಟಡದ ಬಾಡಿಗೆ ನಂದು, ಜಾಯ್‌ಸ್ಟಿಕ್ ಮುರಿದರೆ ನಷ್ಟವೂ ನಂದು. ಹುಡುಗ ಬರುತ್ತಿದ್ದ, ಆಡುತ್ತಿದ್ದ, ಹೋಗುತ್ತಿದ್ದ. ಬರದೇ ಇದ್ದ ದಿನ ಅವನಿಂದ ನಾನು ಕಾಸು ಕೇಳಲಿಲ್ಲ.

ಈಗ ನೋಡಿ. ಮಷೀನ್ ನಿಮ್ಮದು. ಕರೆಂಟ್, ಇಂಟರ್‌ನೆಟ್ ನಿಮ್ಮದು. ಗೇಮ್ ಡಿಸ್ಕಿಗೆ ನಾಲ್ಕೈದು ಸಾವಿರ ಬೇರೆ ಕೊಟ್ಟಿರುತ್ತೀರಿ. ಆದರೂ ಕನ್ಸೋಲ್‌ನಲ್ಲಿ, ಅಂದರೆ ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಯಲ್ಲಿ, ಗೆಳೆಯನ ಜೊತೆ ಆನ್‌ಲೈನ್ ಆಡಬೇಕಾದರೆ ಮತ್ತೆ ಚಂದಾ ಕಟ್ಟಿ ಅನ್ನುತ್ತಾರೆ. ಮೈಕ್ರೋಸಾಫ್ಟ್ ಇದನ್ನು 2002ರಲ್ಲಿ ಎಕ್ಸ್‌ಬಾಕ್ಸ್ ಲೈವ್ ಅಂತ ಶುರು ಮಾಡಿತು. ಆಗ ಸೋನಿಯಲ್ಲಿ ಆನ್‌ಲೈನ್ ಆಟ ಪುಕ್ಕಟೆ, ಜನ ಅದನ್ನೇ ಹೇಳಿಕೊಂಡು ಪ್ಲೇಸ್ಟೇಷನ್ ಕೊಳ್ಳುತ್ತಿದ್ದರು. 2013ರಲ್ಲಿ ಪ್ಲೇಸ್ಟೇಷನ್ 4 ಬಂತು, ಸೋನಿಯೂ ಗೇಟಿನಲ್ಲಿ ಟಿಕೆಟ್ ಹರಿಯಲು ಕೂತಿತು. 2018ರಲ್ಲಿ ನಿಂಟೆಂಡೊ. ಪಿಸಿಯಲ್ಲಿ ಮಾತ್ರ ಇವತ್ತಿಗೂ ಆ ಗೇಟೇ ಇಲ್ಲ. ಹಾಗಾದರೆ ಗೇಟಿನ ಖರ್ಚು ಎಷ್ಟು ನಿಜ, ಎಷ್ಟು ಅಭ್ಯಾಸ? ಪಾರ್ಲರ್ ನಡೆಸಿದವನಾಗಿ ಕೇಳುತ್ತಿದ್ದೇನೆ.

ಒಂದು ಸಮಾಧಾನ ಇದೆ. ಪುಕ್ಕಟೆ ಗೇಮ್‌ಗಳಿಗೆ ಪ್ಲೇಸ್ಟೇಷನ್‌ನಲ್ಲಿ ಈ ಚಂದಾ ಕೇಳುವುದಿಲ್ಲ. ಎಕ್ಸ್‌ಬಾಕ್ಸ್ ಕೂಡ 2021ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯಿತು.

ಲೆಕ್ಕದ ಪುಸ್ತಕ

ಹೈದ ಅವರೇ, ನಿಮ್ಮ 27 ರೂಪಾಯಿ ಕೇಳಿ ಎರಡು ನಿಮಿಷ ಖುಷಿಯಾಯಿತು. ಆಮೇಲೆ ಲೈಬ್ರರಿ ಚಂದಾ ಒಂದನ್ನೇ ತೆಗೆದು ನೋಡಿದೆ. ಐದು ತಿಂಗಳು ಅದನ್ನು ತೆರೆದೇ ಇಲ್ಲ. ಬಾಕಿ ಏಳು ತಿಂಗಳಲ್ಲಿ ಮುಗಿಸಿದ್ದು ಎರಡು ಗೇಮ್. ಆ ಎರಡನ್ನೂ ದೀಪಾವಳಿ ಸೇಲ್‌ನಲ್ಲಿ ಕೊಂಡಿದ್ದರೆ ಅರ್ಧ ದುಡ್ಡಿಗೆ ಬರುತ್ತಿದ್ದವು, ನನ್ನ ಹತ್ತಿರವೇ ಇರುತ್ತಿದ್ದವು.

ಒಟ್ಟು ಗಂಟೆಗೆ ಒಟ್ಟು ದುಡ್ಡು ಭಾಗಿಸಿದರೆ ಎಲ್ಲ ಕಸವೂ ಅದರೊಳಗೆ ಮುಚ್ಚಿಹೋಗುತ್ತೆ. ಇನ್ನೊಂದು ವಿಷಯ. ಆ 550 ಗಂಟೆಯಲ್ಲಿ ಎಷ್ಟು ಗಂಟೆ ಆಟ, ಎಷ್ಟು ಗಂಟೆ ಹಾಜರಿ ಹಾಕಿದ್ದು? ಅದನ್ನು ಆಮೇಲೆ ಬರೆಯುತ್ತೇನೆ, ಈಗ ಲ್ಯಾಬ್ ಇದೆ.

ಜೆರ್ಸಿ ಕನ್ನಡತಿ

ನಾನು ಚಂದಾ ಪರ. ಕಾರಣ ಹೇಳ್ತೀನಿ, ಬೈಯಬೇಡಿ.

2008ರಿಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದೇನೆ. ಅಮೆರಿಕಕ್ಕೆ ಬಂದ ಹೊಸದು, ಯಜಮಾನರು ಆಫೀಸಿಗೆ ಹೋದರೆ ಹೊರಗೆ ಹಿಮ, ಒಳಗೆ ನಾನು. ಆಗ ಸಿಕ್ಕ ಗಿಲ್ಡ್‌ನ (ಜೊತೆಗೂಡಿ ಆಡುವ ತಂಡ) ಐದು ಜನ ಇವತ್ತಿಗೂ ಜೊತೆಗಿದ್ದೇವೆ. ಒಬ್ಬಳು ನನ್ನ ಮಗಳ ನಾಮಕರಣಕ್ಕೆ ಓಹಾಯೋದಿಂದ ಕಾರು ಓಡಿಸಿಕೊಂಡು ಬಂದಿದ್ದಳು. ಆ ಆಟದ ಚಂದಾ 2004ರಲ್ಲಿ ಶುರುವಾದಾಗ ಅಮೆರಿಕದಲ್ಲಿ ತಿಂಗಳಿಗೆ 14.99 ಡಾಲರ್. ಇಪ್ಪತ್ತು ವರ್ಷ ಕಳೆದರೂ ಅದೇ 14.99. ಹಾಲು, ಮೊಟ್ಟೆ, ಮನೆ ಬಾಡಿಗೆ ಎಲ್ಲ ಎಲ್ಲಿಗೋ ಹೋಗಿವೆ, ಇದು ಮಾತ್ರ ಅಲ್ಲೇ ನಿಂತಿದೆ. ಹಾಗಂತ ಎಲ್ಲರೂ ಹೀಗೆ ಅಲ್ಲ. ಈವ್ ಆನ್‌ಲೈನ್ ಅನ್ನೋ ಇನ್ನೊಂದು ಚಂದಾ ಗೇಮ್ 2022ರಲ್ಲಿ 14.95ರಿಂದ 19.99ಕ್ಕೆ ಏರಿಸಿತು. ಲೈಬ್ರರಿ ಚಂದಾಗಳದ್ದು ಇನ್ನೂ ಜೋರು. ಎಕ್ಸ್‌ಬಾಕ್ಸ್ ಗೇಮ್ ಪಾಸ್ 2017ರಲ್ಲಿ ಬಂದಾಗ 9.99 ಡಾಲರ್. ಅದರ ದೊಡ್ಡ ಪ್ಲ್ಯಾನ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ 19.99ರಿಂದ ಒಂದೇ ಏಟಿಗೆ 29.99 ಆಯಿತು. ಮೊದಲಿನ 9.99 ಅಂಗಡಿ ಹೊಸದಿದ್ದಾಗ ರುಚಿ ಹತ್ತಿಸುವ ಬೆಲೆ, ಅಲ್ವಾ?

ಮಾಮೂಲಿ ಚಂದಾದಲ್ಲಿ ನನಗೆ ಇಷ್ಟವಾಗೋದು ಒಂದೇ. ಎಲ್ಲರಿಗೂ ಒಂದೇ ಬಿಲ್. ಶ್ರೀಮಂತನಿಗೂ 15, ನನಗೂ 15. ಒಳಗೆ ಹೋದ ಮೇಲೆ ಆಟ ಅಷ್ಟೇ.

ಅಷ್ಟೇ ಅಂತ ಹೇಳಿದೆ, ಆದರೆ ಈಗ ಅಷ್ಟೇ ಅಲ್ಲ. ಚಂದಾ ಕಟ್ಟಬೇಕು. ಹೊಸ ಭಾಗ ಬಂದರೆ ಅದನ್ನು ಬೇರೆ ಕೊಳ್ಳಬೇಕು. ಅದರ ಮೇಲೆ ಅಂಗಡಿ ಬೇರೆ. 2010ರಲ್ಲಿ 25 ಡಾಲರ್‌ಗೆ ನಕ್ಷತ್ರ ಮಿನುಗುವ ಕುದುರೆ ಮಾರಿದರು. 2024ರ ಅಕ್ಟೋಬರ್‌ನಲ್ಲಿ ಬೆನ್ನ ಮೇಲೆ ಹರಾಜು ಕಟ್ಟೆಯನ್ನೂ ಅಂಚೆ ಪೆಟ್ಟಿಗೆಯನ್ನೂ ಹೊತ್ತ ದೊಡ್ಡ ಡೈನೋಸಾರ್ ತಂದರು. ಬೆಲೆ 90 ಡಾಲರ್. ಆರು ತಿಂಗಳ ಚಂದಾ! ಒಂದೇ ಜೇಬಿಗೆ ಮೂರು ಕಡೆಯಿಂದ ಕೈ. ನಮ್ಮ ಗಿಲ್ಡ್‌ನಲ್ಲಿ ಒಬ್ಬ ಕೊಂಡ. ನಾನು ಕೊಳ್ಳಲಿಲ್ಲ. ಅವನು ಎಲ್ಲಿ ನಿಲ್ಲಿಸುತ್ತಾನೋ ಅಲ್ಲಿ ಪಕ್ಕದಲ್ಲಿ ನಿಂತು ನನ್ನ ಕೆಲಸ ಮುಗಿಸಿಕೊಳ್ಳುತ್ತೇನೆ. ಊರಲ್ಲಿ ಒಬ್ಬರ ಮನೆಗೆ ಟಿವಿ ಬಂದಾಗ ಎಲ್ಲರೂ ಕಿಟಕಿಯಲ್ಲಿ ನೋಡುತ್ತಿದ್ದೆವಲ್ಲ, ಹಾಗೆ.

ಪಿಂಗ್ 200 (ಕಲಬುರಗಿ)

ಅಕ್ಕ, ಡೈನೋಸಾರ್ ಕತೆ ಸೂಪರ್ 😄 ಆದ್ರೆ ತಿಂಗಳಿಗೆ 15 ಡಾಲರ್ ಅಂದ್ರೆ ನನ್ನ ಹಾಸ್ಟೆಲ್ ಮೆಸ್ ಬಿಲ್‌ನ ಅರ್ಧ. ನಮ್ಮಂಥವರಿಗೆ ಪುಕ್ಕಟೆ ಗೇಮೇ ಗತಿ. ಸ್ಕಿನ್ (ಗೇಮ್‌ನ ಪಾತ್ರಕ್ಕೆ ಹಾಕೋ ಬಟ್ಟೆ, ಅಲಂಕಾರ) ಕೊಳ್ಳುವವರು ಕೊಳ್ಳಲಿ, ಅವರ ದುಡ್ಡಲ್ಲಿ ನಾವು ಆಡ್ತೀವಿ.

ಜೆರ್ಸಿ ಕನ್ನಡತಿ

ತಮ್ಮಾ, ಅದು ನಿಜ. ಒಂದು ಹೇಳ್ತೀನಿ ಕೇಳು. ಫೈನಲ್ ಫ್ಯಾಂಟಸಿ 14 ಚಂದಾ ಗೇಮೇ. ಆದರೂ ಅದರ ಫ್ರೀ ಟ್ರಯಲ್‌ನಲ್ಲಿ 70ನೇ ಲೆವೆಲ್‌ವರೆಗೆ ದಿನದ ಮಿತಿ ಇಲ್ಲದೆ ಆಡಬಹುದು. ನೂರಾರು ಗಂಟೆ ಬರುತ್ತೆ. ಗಿಲ್ಡ್ ವಾರ್ಸ್ 2 ಇದೆ, 2012ರಿಂದ ತಿಂಗಳ ಚಂದಾ ಇಲ್ಲವೇ ಇಲ್ಲ. ಕಂಪ್ಯೂಟರ್ ಸುಮಾರಾಗಿದ್ದರೂ ಓಡುತ್ತೆ.

ಕೋಡ್‌ಬಳೆ (ಬೆಂಗಳೂರು)

ಏಳು ವರ್ಷದಿಂದ ಮೊಬೈಲ್ ಗೇಮ್ ಮಾಡುವ ಕಂಪನಿಗಳಲ್ಲಿ ಇದ್ದೇನೆ. ಯಾವುದು ಅಂತ ಕೇಳಬೇಡಿ, ಕೆಲಸ ಬೇಕು. ಒಳಗಿನ ಕತೆ ಸ್ವಲ್ಪ ಹೇಳ್ತೀನಿ.

ಮೊದಲು ನಮ್ಮ ಕಡೆಯ ಮಾತು. ಗೇಮ್ ಬಿಡುಗಡೆ ಆದ ದಿನ ಕೆಲಸ ಮುಗಿಯಲ್ಲ, ಶುರುವಾಗುತ್ತೆ. ಸರ್ವರ್ ಬಾಡಿಗೆ ತಿಂಗಳು ತಿಂಗಳು. ಮೋಸ ಮಾಡುವವರನ್ನು ಹಿಡಿಯಲು ಒಂದು ತಂಡ, ದೂರು ಕೇಳಲು ಒಂದು ತಂಡ, ಎರಡು ತಿಂಗಳಿಗೊಮ್ಮೆ ಹೊಸ ಮ್ಯಾಪ್. ನೀವು ಕೊಡುವ 100 ರೂಪಾಯಿ ನಮಗೆ ಪೂರ್ತಿ ಬರಲ್ಲ. 18 ಪರ್ಸೆಂಟ್ ಜಿಎಸ್‌ಟಿ ಇದೆ. ಆ್ಯಪ್ ಅಂಗಡಿಗಳ ಪಾಲು ಮೊದಲಿನಿಂದ ಬಂದ ದರದಲ್ಲಿ 30 ಪರ್ಸೆಂಟ್, ಚಿಕ್ಕ ಕಂಪನಿಗಳಿಗೆ 15. ಆಡುವವರಲ್ಲಿ ಬಹುಪಾಲು ಜನ ಒಂದು ಪೈಸೆ ಕೊಡಲ್ಲ, ಪಿಂಗ್ 200 ಥರ. ತಪ್ಪಲ್ಲ. ಅವರಿಲ್ಲದೆ ಮ್ಯಾಚ್ ತುಂಬಲ್ಲ.

ಈಗ ನಮ್ಮ ಕಳ್ಳತನ.

ಕೊಡುವವರು ಕಮ್ಮಿ ಇರೋದರಿಂದ ಇಡೀ ಆಟವನ್ನು ಅವರ ಸುತ್ತ ಕಟ್ಟುತ್ತೇವೆ. ಲೆಕ್ಕದ ಪುಸ್ತಕ ಸಾರ್, ನಿಮ್ಮ ಪಟ್ಟಿಯಲ್ಲಿ 29 ರೂ. ಇದೆಯಲ್ಲ, ಅದು ದುಡ್ಡಿಗಾಗಿ ಇಟ್ಟಿದ್ದಲ್ಲ. ಹೊಸ್ತಿಲು ದಾಟಿಸಲು ಇಟ್ಟಿದ್ದು. ಒಮ್ಮೆ ಕಾರ್ಡೋ ಯುಪಿಐಯೋ ಜೋಡಿಸಿದವರು ಎರಡನೇ ಸಲ ಅಷ್ಟು ಯೋಚಿಸಲ್ಲ. ಆಮೇಲೆ ರೂಪಾಯಿಯನ್ನು ವಜ್ರ ಅನ್ನುವ ಗೇಮಿನ ನಾಣ್ಯ ಮಾಡುತ್ತೇವೆ. ರೂಪಾಯಿ ಅಂತ ಕಂಡರೆ ಕೈ ಹಿಂದೆ ಬರುತ್ತೆ, ವಜ್ರ ಅಂದರೆ ಬರಲ್ಲ. ವಸ್ತುವಿಗೆ 80 ವಜ್ರ ಬೇಕು, ಪ್ಯಾಕ್‌ನಲ್ಲಿ ಇರೋದು 60 ಅಥವಾ 130. 130 ಕೊಂಡರೆ 50 ಮಿಗುತ್ತೆ. ಆ 50 ಸುಮ್ನೆ ಇರಲ್ಲ, ದಿನಾ ಕಣ್ಣಿಗೆ ಕಾಣುತ್ತಿರುತ್ತೆ. ಇನ್ನು 30 ಇದ್ದರೆ ಇನ್ನೊಂದು ಬರುತ್ತಲ್ಲ ಅನ್ನಿಸುತ್ತೆ. ಹೋಟೆಲಿನಲ್ಲಿ ಇಡ್ಲಿಗೆ ಕೂಪನ್ ಕೊಟ್ಟು, ಪ್ರತಿ ಸಲವೂ ಒಂದೂವರೆ ಕೂಪನ್ ಉಳಿಯುವ ಹಾಗೆ ಮಾಡಿದರೆ ನೀವು ಮಾಲೀಕರ ಕಾಲರ್ ಹಿಡಿಯುತ್ತೀರಿ. ಇಲ್ಲಿ ಹಿಡಿಯಲು ಕಾಲರ್ ಇಲ್ಲ.

ಇದೆಲ್ಲ ಎಲ್ಲಿಂದ ಶುರು ಅಂದರೆ ಎಲ್ಲರೂ 2006ರ ಕುದುರೆ ಕವಚ ತೋರಿಸುತ್ತಾರೆ. ಆಬ್ಲಿವಿಯನ್ ಅಂತ ದೊಡ್ಡ ಗೇಮ್. ಕುದುರೆಗೆ ಚಿನ್ನದ ಬಣ್ಣದ ಕವಚ, ಎರಡೂವರೆ ಡಾಲರ್. ಜನ ಬಿದ್ದು ಬಿದ್ದು ನಕ್ಕರು. ನಕ್ಕರೂ ಕೊಂಡವರು ಕಮ್ಮಿ ಇರಲಿಲ್ಲ. ಕಂಪನಿಗಳು ನಗುವನ್ನು ಲೆಕ್ಕ ಹಾಕಲಿಲ್ಲ.

ಮಂಡ್ಯದ ಹೈದ

ಬ್ರೋ ನೀವೇ ಮಾಡಿ ನೀವೇ ಬೈತೀರಲ್ಲ. ಸಂಬಳ ಅಲ್ಲಿಂದಲೇ ತಾನೇ?

ಕೋಡ್‌ಬಳೆ

ಹೌದು. ಅದಕ್ಕೇ ಹೆಸರು ಹಾಕದೆ ಬರೆದದ್ದು.

ಲೆಕ್ಕದ ಪುಸ್ತಕ

ಹಾಜರಿ ವಿಷಯ ಬರೆಯುತ್ತೇನೆ ಅಂದಿದ್ದೆ.

ನಾನು ಜಾಸ್ತಿ ಆಡೋದು ಗೆನ್‌ಶಿನ್ ಇಂಪ್ಯಾಕ್ಟ್. ಪುಕ್ಕಟೆ ಗೇಮ್, ಚಿತ್ರ ನೋಡಿದರೆ ಕಣ್ಣಿಗೆ ಹಬ್ಬ. ಅದರಲ್ಲಿ ತಿಂಗಳ ಕಾರ್ಡ್ ಒಂದಿದೆ. ಕೊಂಡ ಕೂಡಲೇ 300 ಹರಳು, ಆಮೇಲೆ 30 ದಿನ ದಿನಕ್ಕೆ 90. ಒಟ್ಟು 3,000. ಒಂದು ಪಾತ್ರವನ್ನು ಪಡೆಯಲು ಚೀಟಿ ಎತ್ತಬೇಕು, ಒಂದು ಚೀಟಿಗೆ 160. ಅಂದರೆ ಒಂದು ತಿಂಗಳ ಕಾರ್ಡಿಗೆ 18 ಚೀಟಿ ಬಂದಂತೆ. ಅಗ್ಗ ಅನ್ನಿಸಿತು.

ಮೊನ್ನೆ ಮೊದಲ ಸಲ ಪೂರ್ತಿ ಲೆಕ್ಕ ಹಾಕಿದೆ. ದೊಡ್ಡ ಪಾತ್ರ ಬೀಳುವ ಸಾಧ್ಯತೆ ಚೀಟಿಗೆ 0.6 ಪರ್ಸೆಂಟ್. ಬೀಳದೇ ಇದ್ದರೆ 90ನೇ ಚೀಟಿಗೆ ಖಾತ್ರಿ. ಆದರೆ ಬಿದ್ದದ್ದು ನಾನು ಬಯಸಿದ ಪಾತ್ರವೇ ಆಗಬೇಕು ಅಂತಿಲ್ಲ. ಅದೃಷ್ಟ ಕೈಕೊಟ್ಟರೆ ಇನ್ನೊಂದು 90. ಒಟ್ಟು 180 ಚೀಟಿ, 28,800 ಹರಳು. ಬರೀ ಕಾರ್ಡನ್ನೇ ನಂಬಿದರೆ ಒಂಬತ್ತೂವರೆ ತಿಂಗಳು! ಆಟದಲ್ಲಿ ಪುಕ್ಕಟೆ ಹರಳೂ ಸಿಗುತ್ತೆ, ಹಾಗಾಗಿ ನಿಜಕ್ಕೂ ಅಷ್ಟು ಆಗಲ್ಲ. ಆದರೂ ನಾನು ಕೊಟ್ಟದ್ದು ಪಾತ್ರಕ್ಕಲ್ಲ, ಚೀಟಿಗೆ.

ಈಗ ಹಾಜರಿ. ದಿನದ 90 ಬೇಕಾದರೆ ಆ ದಿನ ಗೇಮ್ ತೆರೆಯಲೇಬೇಕು. ತೆರೆಯದಿದ್ದರೆ ಆವತ್ತಿನದು ಹೋಯಿತು. ಏಷ್ಯಾ ಸರ್ವರ್‌ನಲ್ಲಿ ನಮ್ಮ ಗಡಿಯಾರದ ಪ್ರಕಾರ ರಾತ್ರಿ ಒಂದೂವರೆಗೆ ದಿನ ಬದಲಾಗುತ್ತೆ. ಕಳೆದ ಮೇನಲ್ಲಿ ತಂಗಿ ಮದುವೆ. ಹಿಂದಿನ ರಾತ್ರಿ ಕಲ್ಯಾಣ ಮಂಟಪದಲ್ಲಿ ಎಲ್ಲರೂ ಜಮಖಾನದ ಮೇಲೆ ಮಲಗಿದ್ದರು. ಒಂದೂಕಾಲಿಗೆ ನನಗೆ ತಟ್ಟನೆ ಎಚ್ಚರ. ಒಳಗೆ ಸಿಗ್ನಲ್ ಇಲ್ಲ. ಟೆರೇಸ್‌ಗೆ ಹೋಗಿ, ನೀರಿನ ಟ್ಯಾಂಕ್ ಪಕ್ಕ ಫೋನ್ ಎತ್ತಿ ಹಿಡಿದು 90 ಹರಳು ತೆಗೆದುಕೊಂಡೆ. ಕೆಳಗೆ ಬರುವಾಗ ಸೋದರಮಾವ ಎದ್ದು ಕೂತಿದ್ದರು. "ಏನೋ, ತಂಗಿ ಹೋಗ್ತಾಳಂತ ನಿದ್ದಿ ಬರವಲ್ಲದೇನು?" ಅಂದರು. ಹೌದು ಮಾವ ಅಂದೆ.

ದುಡ್ಡು ಕೊಟ್ಟವನು ನಾನು. ರಾತ್ರಿ ಎದ್ದು ಓಡಿದವನೂ ನಾನೇ. ಗಂಟೆಗೆ 27 ರೂ. ಲೆಕ್ಕದಲ್ಲಿ ಇದನ್ನು ಎಲ್ಲಿ ಬರೆಯೋದು?

ಹಳೇ ಪಾರ್ಲರ್

ಜಾತ್ರೆಯಲ್ಲಿ ರಿಂಗ್ ಎಸೆಯೋ ಅಂಗಡಿ ಇದು ಸ್ವಾಮಿ. ರೇಡಿಯೋ ಮೇಲೆ ರಿಂಗ್ ಬಿದ್ದದ್ದನ್ನು ನಾನು ಈವರೆಗೆ ಕಂಡಿಲ್ಲ. ಸೋಪಿನ ಪೆಟ್ಟಿಗೆ ಮೇಲೆ ಬೀಳುತ್ತೆ.

ಕೋಡ್‌ಬಳೆ

ಆ ಗೇಮ್ ಬಗ್ಗೆ ಸುದ್ದಿ ಇದೆ. 2025ರ ಜನವರಿಯಲ್ಲಿ ಅಮೆರಿಕದ ಎಫ್‌ಟಿಸಿ (ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ) ಅದರ ಕಂಪನಿಯ ಜೊತೆ 2 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. 16 ವರ್ಷದ ಒಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಇಂಥ ಚೀಟಿ ಮಾರಬಾರದು ಅಂತ ಷರತ್ತು. ಗೆಲ್ಲುವ ಸಾಧ್ಯತೆ ಎಷ್ಟು, ನಿಜವಾದ ಖರ್ಚು ಎಷ್ಟು ಅನ್ನೋದನ್ನು ಮರೆಮಾಚಿದರು ಅನ್ನೋದು ಆರೋಪ. ಬೆಲ್ಜಿಯಂ ಇನ್ನೂ ಮುಂಚೆ, 2018ರಲ್ಲೇ, ಒಳಗೇನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ, ಅಂದರೆ ಲೂಟ್ ಬಾಕ್ಸ್, ಜೂಜು ಅಂತ ಹೇಳಿತ್ತು.

ಎರಡು ಮಕ್ಕಳ ತಾಯಿ (ಉಡುಪಿ)

ಇಲ್ಲಿ ಎಲ್ಲರೂ ದೊಡ್ಡವರು ಮಾತಾಡ್ತಾ ಇದ್ದೀರಿ. ನನ್ನ ಮಗನಿಗೆ 13. ಕಳೆದ ವರ್ಷ ಅವರಪ್ಪನ ಹಳೇ ಫೋನ್‌ನಲ್ಲಿ ಮೂರು ವಾರದಲ್ಲಿ 6,200 ರೂ. ಖರ್ಚು ಮಾಡಿದ್ದ. ಕಾರ್ಡ್ ಸೇವ್ ಆಗಿತ್ತು. ನಮಗೆ ಗೊತ್ತಾದದ್ದು ಬಿಲ್ ಬಂದ ಮೇಲೆ. ಗೇಮಿನವರಿಗೆ ಬರೆದರೆ, ನಿಮ್ಮ ಖಾತೆಯಿಂದಲೇ ಖರೀದಿ ಆಗಿದೆ ಅಂತ ಉತ್ತರ. ಕೊನೆಯ ಎರಡು ದಿನದ್ದು ಮಾತ್ರ ಪ್ಲೇ ಸ್ಟೋರ್ ಮೂಲಕ ವಾಪಸ್ ಬಂತು. 48 ಗಂಟೆಯ ಒಳಗೆ ಕೇಳಿದರೆ ಸುಲಭ, ಆಮೇಲೆ ಕಷ್ಟ. ಇದು ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರಲಿ.

ಹೊಡೆಯಲಿಲ್ಲ. ಕೂರಿಸಿಕೊಂಡು ಕೇಳಿದೆ, ಯಾಕೆ ಮಗಾ ಅಂತ. ಕ್ಲಾಸಿನಲ್ಲಿ ಅವನನ್ನು "ಡಿಫಾಲ್ಟ್" ಅಂತ ಕರೀತಾರಂತೆ. ಗೇಮ್‌ನಲ್ಲಿ ಪುಕ್ಕಟೆ ಬಟ್ಟೆ ಹಾಕಿಕೊಂಡಿರುವವನು ಅಂತ ಅರ್ಥ. ನಮ್ಮ ಕಾಲದಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದವರನ್ನು ಆಡಿಕೊಳ್ಳುತ್ತಿದ್ದರಲ್ಲ, ಅದೇ. ಕಂಪನಿಯವರು ಬಟ್ಟೆ ಆಟದ ಮೇಲೆ ಪರಿಣಾಮ ಬೀರಲ್ಲ, ಬರೀ ಅಲಂಕಾರ ಅಂತಾರೆ. ಆಟದ ಮೇಲೆ ಬೀರಲ್ಲ, ಸರಿ. 13 ವರ್ಷದ ಹುಡುಗನ ಮೇಲೆ?

ಈಗ ಅವನ ಖಾತೆಯನ್ನು ಫ್ಯಾಮಿಲಿ ಗ್ರೂಪ್‌ಗೆ ಸೇರಿಸಿದ್ದೇನೆ. ಏನೇ ಕೊಂಡರೂ ನನ್ನ ಫೋನ್‌ಗೆ ಒಪ್ಪಿಗೆ ಕೇಳುತ್ತೆ. ತಿಂಗಳಿಗೆ 150 ರೂ. ಅವನದ್ದು. ಸ್ಕಿನ್ ಆದರೂ ಸರಿ, ಗೋಳಿಬಜೆ ಆದರೂ ಸರಿ. ಮೊದಲ ತಿಂಗಳು ಸ್ಕಿನ್ ಕೊಂಡ. ಎರಡನೇ ತಿಂಗಳಿಂದ ಗೋಳಿಬಜೆಯೇ ಗೆಲ್ಲುತ್ತಿದೆ.

ಮಂಡ್ಯದ ಹೈದ

ಮೇಡಂ, ಮಕ್ಕಳ ವಿಷಯದಲ್ಲಿ ನಾನು ಬಾಯಿ ಮುಚ್ಕೋತೀನಿ. ನನ್ನ ವಾದ ದೊಡ್ಡವರಿಗೆ ಮಾತ್ರ.

ಕೋಡ್‌ಬಳೆ

ಮೇಡಂ ಹೇಳಿದ್ದು ಒಂದು ಮನೆಯ ಕತೆ ಅಲ್ಲ. ಫೋರ್ಟ್‌ನೈಟ್ ಮಾಡಿದ ಎಪಿಕ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಎಫ್‌ಟಿಸಿಗೆ ಒಟ್ಟು 52 ಕೋಟಿ ಡಾಲರ್ ಒಪ್ಪಿಕೊಂಡಿತು. ಅದರಲ್ಲಿ 24.5 ಕೋಟಿ ಆಟಗಾರರಿಗೆ ವಾಪಸ್ ಕೊಡಲು. ಬಟನ್‌ಗಳನ್ನು ಗೊಂದಲ ಆಗುವ ಹಾಗೆ ಇಟ್ಟು, ಗೊತ್ತಿಲ್ಲದೆ ಖರೀದಿ ಆಗುವಂತೆ ಮಾಡಿದ್ದಾರೆ ಅನ್ನೋದು ದೂರು. ಕಾರ್ಡ್ ಕಂಪನಿಗೆ ದೂರು ಕೊಟ್ಟವರ ಖಾತೆಯನ್ನೇ ಬೀಗ ಹಾಕುತ್ತಿದ್ದರು ಅಂತಲೂ ಇತ್ತು.

ನಮ್ಮಲ್ಲೂ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ಯಾಮಾರಿಸುವ ವಿನ್ಯಾಸ, ಅದರ ವಿರುದ್ಧ ಮಾರ್ಗಸೂಚಿ ಬಂದಿದೆ. ಒಟ್ಟು 13 ಥರದ ಕುತಂತ್ರ ಪಟ್ಟಿ ಮಾಡಿದ್ದಾರೆ. ಸೇರುವುದು ಸುಲಭ, ಬಿಡುವುದು ಕಷ್ಟ ಅನ್ನುವ ಚಂದಾ ಬಲೆಯೂ ಅದರಲ್ಲಿದೆ. ಇನ್ನು ಹತ್ತೇ ನಿಮಿಷ ಅನ್ನುವ ಸುಳ್ಳು ಅವಸರವೂ ಇದೆ. ದೂರು ಕೊಡಬೇಕಾದರೆ ಗ್ರಾಹಕ ಸಹಾಯವಾಣಿ 1915.

ಪಿಂಗ್ 200

ರಮ್ಮಿ ಆ್ಯಪ್‌ಗೆ ದುಡ್ಡು ಹಾಕೋದೂ ಇದೇ ಥರ ಅಲ್ವಾ? ನನ್ನ ರೂಮ್‌ಮೇಟ್ ಅದರಲ್ಲಿ ಸೆಮಿಸ್ಟರ್ ಫೀಸ್ ಕಳ್ಕೊಂಡಿದ್ದ.

ಕಟ್ಟೆ ಕಾವಲು (ನಿರ್ವಾಹಕರು)

ಅದು ಬೇರೆ, ಇಲ್ಲಿ ಎಳೆಯೋದು ಬೇಡ. ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಪಣದ ಆನ್‌ಲೈನ್ ಗೇಮ್ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿತು. ದುಡ್ಡು ಪಣಕ್ಕಿಟ್ಟು ದುಡ್ಡು ಗೆಲ್ಲುವ ಗೇಮ್‌ಗಳು ಅದರಲ್ಲಿ ನಿಷಿದ್ಧ. ಚಂದಾ ಅಥವಾ ಪ್ರವೇಶ ಶುಲ್ಕ ತೆಗೆದುಕೊಳ್ಳುವ ಮಾಮೂಲಿ ಗೇಮ್‌ಗಳಿಗೆ ತೊಂದರೆ ಇಲ್ಲ, ಆ ದುಡ್ಡು ಪಣ ಆಗಿರಬಾರದು ಅಷ್ಟೇ. ಮುಂದುವರಿಸಿ.

ಪಿಂಗ್ 200

ಸರಿ ಸಾರ್. ಹಾಗಾದರೆ ನನ್ನ ದುಃಖ ಕೇಳಿ. ಪುಕ್ಕಟೆ ಪುಕ್ಕಟೆ ಅಂದೆನಲ್ಲ, ನಾನೂ ಒಮ್ಮೆ ಕೊಟ್ಟಿದ್ದೀನಿ. ಪಿಯುಸಿಯಲ್ಲಿ ಸ್ಕಾಲರ್‌ಶಿಪ್ ಬಂತು, 800 ರೂ. ಹಾಕಿ ಒಂದು ರೇಸಿಂಗ್ ಗೇಮ್‌ನಲ್ಲಿ ಕೆಂಪು ಕಾರು ಕೊಂಡೆ. ಚಿಕ್ಕ ಕಂಪನಿ. ಒಂದೂವರೆ ವರ್ಷಕ್ಕೆ ಸರ್ವರ್ ಮುಚ್ಚಿದರು. ಮೂವತ್ತು ದಿನ ಮುಂಚೆ ನೋಟಿಸ್. ಕೊನೇ ದಿನ ಕಾರಿನ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಈಗಲೂ ಗ್ಯಾಲರಿಯಲ್ಲಿ ಇದೆ, ನಮ್ಮಜ್ಜನ ಎತ್ತಿನ ಫೋಟೋ ಪಕ್ಕ.

ಹಳೇ ಪಾರ್ಲರ್

ಇದೇ ನಾನು ಹೇಳಬೇಕು ಅಂತಿದ್ದದ್ದು. ಕೊಂಡೆ ಅಂತೀರಿ, ಕೊಂಡಿರಲ್ಲ. ದುಡ್ಡು ಕೊಟ್ಟು ಡಿಸ್ಕ್ ತಂದ ಗೇಮ್ ಕೂಡ ಹೋಗುತ್ತೆ. ದಿ ಕ್ರೂ ಅಂತ ಯುಬಿಸಾಫ್ಟ್ ಕಂಪನಿಯ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್. ಡಿಸ್ಕ್ ಕೈಯಲ್ಲಿದ್ದರೂ ಗೇಮ್ ಇಲ್ಲ. ಆ ಸಿಟ್ಟಿನಿಂದಲೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಚಳವಳಿ ಹುಟ್ಟಿತು. ಯುರೋಪಿನಲ್ಲಿ 10 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನು ಇದೆ. ಬರೀ ಲೈಸೆನ್ಸ್ ಕೊಡುವುದಾದರೆ "ಕೊಳ್ಳಿ" ಅಂತ ಸುಮ್ಮನೆ ಬಟನ್ ಇಡುವಂತಿಲ್ಲ, ಇದು ಲೈಸೆನ್ಸ್ ಮಾತ್ರ ಅಂತ ಹೇಳಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಅಪಾಯ ಇದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್ ನಿಷೇಧ ಆಯಿತು. 2021ರ ಜುಲೈಯಲ್ಲಿ ಅದೇ ಆಟ ಭಾರತಕ್ಕೆ ಅಂತ ಬಿಜಿಎಂಐ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಅದೂ ಅಂಗಡಿಯಿಂದ ಮಾಯ. 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ನಿಷೇಧ ಸರಿಯೋ ತಪ್ಪೋ ನಾನು ಮಾತಾಡಲ್ಲ. ಪಾಸಿಗೆ ದುಡ್ಡು ಕೊಟ್ಟು ಕೂತವನ ಕತೆ ನೋಡಿ. ಮಳೆ ಬಂದರೆ ಟಿಕೆಟ್ ದುಡ್ಡು ವಾಪಸ್ ಅಂತ ಯಕ್ಷಗಾನ ಮೇಳದವರೂ ಹೇಳುತ್ತಿದ್ದರು.

ಕುದುರೆ ನಡೆ (ಮೈಸೂರು)

ತಡವಾಗಿ ಬಂದೆ. ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಇಲ್ಲಿ ಯಾರೂ ಚೆಸ್ ಸುದ್ದಿ ಎತ್ತಲಿಲ್ಲ, ಅದೂ ಆನ್‌ಲೈನ್ ಗೇಮೇ ತಾನೇ? ಪೋಷಕರು ವಾರಕ್ಕೊಮ್ಮೆ ಕೇಳುತ್ತಾರೆ, ಸಾರ್ ಚಂದಾ ತಗೊಳ್ಳಲಾ ಅಂತ.

ಎರಡು ದೊಡ್ಡ ತಾಣ ಇವೆ. ಚೆಸ್ ಡಾಟ್ ಕಾಮ್‌ನಲ್ಲಿ ಪುಕ್ಕಟೆ ಆಡಬಹುದು, ಜಾಸ್ತಿ ಪಜಲ್, ಆಟದ ವಿಮರ್ಶೆ, ಪಾಠ ಬೇಕಾದರೆ ಚಂದಾ. ಲಿಚೆಸ್ 2010ರಲ್ಲಿ ಫ್ರಾನ್ಸ್‌ನ ಒಬ್ಬ ಪ್ರೋಗ್ರಾಮರ್ ಶುರು ಮಾಡಿದ್ದು. ಲಾಭಕ್ಕಲ್ಲ. ಜಾಹೀರಾತು ಇಲ್ಲ. ಪಜಲ್, ಕಂಪ್ಯೂಟರ್ ವಿಶ್ಲೇಷಣೆ ಎಲ್ಲ ಎಲ್ಲರಿಗೂ ಪುಕ್ಕಟೆ. ನಡೆಯೋದು ದೇಣಿಗೆಯಿಂದ. ದೇಣಿಗೆ ಕೊಟ್ಟವರಿಗೆ ಏನು ಸಿಗುತ್ತೆ ಗೊತ್ತಾ? ಹೆಸರಿನ ಪಕ್ಕ ಒಂದು ಪುಟ್ಟ ರೆಕ್ಕೆ. ಅಷ್ಟೇ. ಒಂದು ಪಜಲ್ ಕೂಡ ಜಾಸ್ತಿ ಇಲ್ಲ.

ಆದರೆ ಚಂದಾ ತಾಣವನ್ನು ಬೈಯಲು ನನಗೆ ಮನಸ್ಸಿಲ್ಲ. ಅಲ್ಲಿನ ವಿಮರ್ಶೆ ಹತ್ತು ವರ್ಷದ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಇರುತ್ತೆ. ನನ್ನ ಇಬ್ಬರು ಶಿಷ್ಯರು ದಿನಾ ಬಳಸುತ್ತಾರೆ, ಅವರಿಗೆ ವಸೂಲು. ಉಳಿದವರು ಚಂದಾ ಕಟ್ಟಿ ಬರೀ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟ, ಆಡುತ್ತಾರೆ. ಬ್ಲಿಟ್ಜ್‌ಗೆ ಚಂದಾ ಬೇಕಾಗಿಯೇ ಇರಲಿಲ್ಲ. ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು. ಪುಕ್ಕಟೆಯದನ್ನು ಒಂದು ತಿಂಗಳು ಬಳಸಿ, ಎಲ್ಲಿ ನಿಜಕ್ಕೂ ತಡೆ ಆಯಿತು ಅಂತ ಬರೆದಿಡಿ. ಪಟ್ಟಿ ಖಾಲಿ ಇದ್ದರೆ ಜೇಬು ಮುಟ್ಟಬೇಡಿ.

ಎರಡು ಕಡೆಯೂ ಒಂದು ಮರ್ಯಾದೆ ಇದೆ. ಎಷ್ಟೇ ದುಡ್ಡು ಕೊಟ್ಟರೂ ಹಲಗೆ ಮೇಲೆ ಎರಡನೇ ರಾಣಿ ಸಿಗಲ್ಲ.

ಜೆರ್ಸಿ ಕನ್ನಡತಿ

ಎರಡನೇ ರಾಣಿ! ಇದನ್ನು ನಮ್ಮ ಗಿಲ್ಡ್‌ನಲ್ಲಿ ಅನುವಾದ ಮಾಡಿ ಹೇಳ್ತೀನಿ.

ಮಂಡ್ಯದ ಹೈದ

ನಾನು ಸೋತೆ ಅಂತ ಅಲ್ಲ, ಆದರೂ ನನ್ನ ಯುಪಿಐ ಆ್ಯಪ್‌ನಲ್ಲಿ ಆಟೋಪೇ, ಅಂದರೆ ತಾನಾಗೇ ದುಡ್ಡು ಕಟ್ ಆಗೋ ಪಟ್ಟಿ, ತೆರೆದು ನೋಡಿದೆ. ಬಿಟ್ಟು ಎಂಟು ತಿಂಗಳಾದ ಗೇಮ್‌ಗೆ ತಿಂಗಳಿಗೆ 79 ರೂ. ಹೋಗ್ತಾ ಇದೆ. ಥೂ!

ಲೆಕ್ಕದ ಪುಸ್ತಕ

ಹೈದ ಅವರೇ, ಸ್ವಾಗತ 😄 ನಂದೂ ಅದೇ. ಬ್ಯಾಂಕಿನವರು ಮೋಸ ಮಾಡಿಲ್ಲ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಜಾರಿಗೆ ತಂದ ನಿಯಮದಂತೆ, ದುಡ್ಡು ಕಡಿತ ಆಗುವ 24 ಗಂಟೆ ಮುಂಚೆ ಮೆಸೇಜ್ ಬರಬೇಕು. ಹುಡುಕಿದರೆ ಹನ್ನೆರಡೂ ಮೆಸೇಜ್ ಇವೆ. ಸೀರೆ ಸೇಲ್, ಸಾಲ ಬೇಕಾ, ಗ್ಯಾಸ್ ಬುಕಿಂಗ್ ಇವುಗಳ ಮಧ್ಯೆ ಕೂತಿದ್ದವು.

ಲೈಬ್ರರಿ ಚಂದಾ ನಿನ್ನೆ ರದ್ದು ಮಾಡಿದೆ. ಸೇರುವಾಗ ಒಂದು ಬಟನ್ ಒತ್ತಿದ ನೆನಪು. ಬಿಡುವಾಗ ಆರು ಪುಟ. ಖಚಿತವೇ, ನಿಜವಾಗಿಯೂ ಖಚಿತವೇ, ಹೋಗುವ ಮುಂಚೆ ಒಂದು ತಿಂಗಳು ಅರ್ಧ ಬೆಲೆಗೆ ಕೊಡಲೇ ಅಂತ. ನೆಂಟರ ಮನೆಯಿಂದ ಹೊರಟಾಗ ಬಾಗಿಲಲ್ಲಿ ಮತ್ತೆ ಚಹಾ ಕುಡಿದು ಹೋಗಿ ಅಂದಂತೆ. ಗೆನ್‌ಶಿನ್‌ನ ತಿಂಗಳ ಕಾರ್ಡ್ ಈ ತಿಂಗಳು 19ಕ್ಕೆ ಮುಗಿಯುತ್ತೆ, ಮುಂದುವರಿಸಲ್ಲ. ಗೇಮ್ ಬಿಡಲ್ಲ, ಪುಕ್ಕಟೆಯಾಗಿ ಆಡ್ತೀನಿ. ಒಂದೂವರೆಗೆ ಏಳಲ್ಲ. ಒಂದು ಪಾಸ್ ಇಟ್ಟುಕೊಂಡಿದ್ದೇನೆ. ಹುಬ್ಬಳ್ಳಿಯ ಮೂವರು ಗೆಳೆಯರ ಜೊತೆ ಶನಿವಾರ ಆಡುವ ಗೇಮ್‌ನದ್ದು. ಅದಕ್ಕೆ ಕೊಟ್ಟ ದುಡ್ಡು ನನಗೆ ನೋಯುತ್ತಿಲ್ಲ. ಯಾಕೆ ಅಂತ ಲೆಕ್ಕ ಹಾಕಲು ಹೋಗಿಲ್ಲ.

ಮತ್ತೊಂದು. ಕುದುರೆ ನಡೆ ಸಾರ್ ಮಾತು ಕೇಳಿ ಲಿಚೆಸ್‌ಗೆ ಸ್ವಲ್ಪ ದೇಣಿಗೆ ಕಳಿಸಿದೆ. ಹೆಸರಿನ ಪಕ್ಕ ರೆಕ್ಕೆ ಬಂತು. ಮನೆಯವರಿಗೆ ತೋರಿಸಿದೆ. "ಇದರಿಂದ ಏನಾಗತೈತಿ?" ಅಂದರು. ಏನೂ ಆಗಲ್ಲ ಅಂದೆ. ಇನ್ನೊಮ್ಮೆ ಫೋನ್ ಕೈಗೆ ತಗೊಂಡು ನೋಡಿದರು. "ಚಂದ ಐತಿ" ಅಂದರು.

ಮಂಡ್ಯದ ಹೈದ

ಇಷ್ಟೆಲ್ಲ ಮಾತಾಡಿ ಕೊನೆಗೆ ನೀವೂ ಸ್ಕಿನ್ ತಗೊಂಡ್ರಲ್ಲ ಗುರುಗಳೇ!